ಗುಂಡು ಮೇಲೆ ಮೇಲೆ ಬೀಳ್ತಿದ್ದರೆ ರೆಡ್ ಡಾಟ್ ತಿರುಗಿಸಬೇಡಿ, ಮೊದಲು ಸ್ಕ್ರೂ ನೋಡಿ

ನನ್ನ ಬಲ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದಿವೆ. ಶೂಟಿಂಗ್ ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಕನ್ನಡಕದ ಬಲಗಾಜಿನ ಮೇಲೆ, ಕಣ್ಣಿನ ಗುಡ್ಡೆಯ ನೇರಕ್ಕೆ, ಒಂದು ಆಳವಾದ ಗೀರು ಇದೆ. ಶಾಟ್‌ಗನ್ ಮೇಲೆ ರೆಡ್ ಡಾಟ್ ಸೈಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಯಲು ನೆರವಾಗುವ ಸಾಧನ) ಕೂರಿಸುವ ಯೋಚನೆ ಇರುವವರು, ಈಗಾಗಲೇ ಕೂರಿಸಿಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನದು 12 ಬೋರಿನ ಪಂಪ್ ಕೋವಿ. ಅದರ ಬಾಡಿ ಅಲ್ಯುಮಿನಿಯಂ. ಅದಕ್ಕೆ ಮೊದಲು ಇದ್ದದ್ದು ನಳಿಗೆಯ ತುದಿಯ ಒಂದು ಮಣಿ ಮಾತ್ರ. ಸಣ್ಣ ಗುಂಡುಗಳು ಹರಡಿ ಹಾರುವ ಚರೆ ತೋಟಾಗೆ ಆ ಮಣಿ ಧಾರಾಳ ಸಾಕು. ಆದರೆ ನಾನು ಸ್ಲಗ್, ಅಂದರೆ ಒಂಟಿ ಗುಂಡಿನ ತೋಟಾ, ಹೊಡೆಯಲು ಶುರು ಮಾಡಿದ್ದೆ. 50 ಮೀಟರ್ ದೂರದಲ್ಲಿ ಮಣಿಯೇ ಗುರಿಯನ್ನು ಮುಚ್ಚಿಬಿಡುತ್ತದೆ. ಎಲ್ಲಿಗೆ ಹೊಡೆಯುತ್ತಿದ್ದೇನೆ ಅನ್ನೋದೇ ಕಾಣುತ್ತಿರಲಿಲ್ಲ. ರೆಡ್ ಡಾಟ್ ಬೇಕು ಅನ್ನಿಸಿದ್ದು ಅದಕ್ಕೇ.

ಸೈಟ್ ಬಗ್ಗೆ ನನಗೆ ದೂರಿಲ್ಲ. ಒಳಗಿನ ಸಣ್ಣ ಎಲ್‌ಇಡಿಯ ಬೆಳಕು ಗಾಜಿಗೆ ಬಡಿದು ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ, ಚುಕ್ಕೆ ದೂರದ ಗುರಿಯ ಮೇಲೇ ಕೂತಂತೆ ಕಾಣುತ್ತದೆ. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಮೊದಲ ಎಲೆಕ್ಟ್ರಾನಿಕ್ ರೆಡ್ ಡಾಟ್ ತಂದಾಗಿನಿಂದ ಮೂಲ ಉಪಾಯ ಇದೇ. ಎರಡೂ ಕಣ್ಣು ತೆರೆದು, ಗುರಿಯನ್ನೇ ನೋಡುತ್ತಾ ಹೊಡೆಯಬಹುದು. ಒಳ್ಳೆಯ ಸಾಧನ. ನನ್ನ ತಪ್ಪು ಆಗಿದ್ದು ಅದರ ಕೆಳಗೆ, ಸೈಟನ್ನು ಕೋವಿಗೆ ಹಿಡಿದಿಡುವ ಮೌಂಟ್ ಕೂರಿಸುವ ಜಾಗದಲ್ಲಿ.

ಕೋವಿಯ ಬಾಡಿ ಮೇಲೆ ನಾಲ್ಕು ತೂತು ಮೊದಲೇ ಕೊರೆದು ಮರೆ (ಸ್ಕ್ರೂ ಹಿಡಿದುಕೊಳ್ಳುವ ಒಳಸುತ್ತು) ಹಾಕಿಟ್ಟಿದ್ದರು. ನಾನು ಒಂದು ರೈಲ್, ಅಂದರೆ ಸೈಟ್ ಕೂರಿಸುವ ಲೋಹದ ಪಟ್ಟಿ, ತಂದು, ನಾಲ್ಕು ಸ್ಕ್ರೂ ಹಾಕಿ, ಎಲ್ ಕೀಲಿಯಲ್ಲಿ ಕೈಗೆ ಸಿಕ್ಕಷ್ಟು ಬಿಗಿ ಮಾಡಿದೆ. ತೂತಿನೊಳಗಿನ ಎಣ್ಣೆ ಒರೆಸಲಿಲ್ಲ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ಥ್ರೆಡ್‌ಲಾಕರ್, ಹಾಕಲಿಲ್ಲ. ರೈಲ್ ಮೇಲೆ ಸೈಟನ್ನು ಎತ್ತರಿಸುವ ಒಂದು ರೈಸರ್, ಅದರ ಮೇಲೆ ಸೈಟ್. ಮಾರಿದವರು "ಎಂಥ ಕಿಕ್ ಇದ್ರೂ ತಡ್ಕೊಳ್ಳುತ್ತೆ ಸರ್" ಅಂದಿದ್ದರು (ಕಿಕ್ ಅಂದರೆ ಹೊಡೆದಾಗ ಕೋವಿ ಹಿಂದಕ್ಕೆ ಒದೆಯುವುದು). ಆ ಮಾತು ಸೈಟ್‌ಗೆ ಸೇರಿದ್ದು, ಸ್ಕ್ರೂಗೆ ಸೇರಿದ್ದಲ್ಲ ಅನ್ನೋದು ನನಗೆ ಆವಾಗ ಹೊಳೆಯಲಿಲ್ಲ.

ಮೊದಲ ಮೂರು ಗುಂಡು ಒಂದು ಅಂಗೈ ಅಗಲದಲ್ಲಿ ಬಿದ್ದವು. ತುಂಬಾ ಖುಷಿಯಾಯಿತು. ನಾಲ್ಕನೆಯದು ಸ್ವಲ್ಪ ಮೇಲೆ. ಐದನೆಯದು ಒಂದು ಗೇಣು ಮೇಲೆ. ನಾನು ಏನು ಮಾಡಿದೆ ಗೊತ್ತಾ? ಸೈಟ್ ಇನ್ನೂ ಸರಿಯಾಗಿ ಸೆಟ್ ಆಗಿಲ್ಲ ಅಂದುಕೊಂಡು ಅದರ ಹೊಂದಾಣಿಕೆ ತಿರುಪನ್ನು 15 ಕ್ಲಿಕ್ ಕೆಳಗೆ ತಿರುಗಿಸಿದೆ. ನನ್ನ ಸೈಟಿನಲ್ಲಿ ಒಂದು ಕ್ಲಿಕ್ ಅಂದರೆ 50 ಮೀಟರ್‌ನಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್. ಲೆಕ್ಕ ಸರಿಯಾಗಿಯೇ ಇತ್ತು. ಮುಂದಿನ ಗುಂಡು ನಡುವಿಗೆ ಬಂತು. ಅದರ ಮುಂದಿನದು ಮತ್ತೆ ಗೇಣು ಮೇಲೆ. ಮತ್ತೆ ತಿರುಗಿಸಿದೆ. ಆಮೇಲಿನದು ಕಾಗದದ ಮೇಲೆ ಬೀಳಲೇ ಇಲ್ಲ. ಹಿಂದಿನ ಮಣ್ಣಿನ ದಿಬ್ಬದಲ್ಲಿ, ತುದಿಯ ಹತ್ತಿರ, ಧೂಳೆದ್ದಿತು.

ಶೂಟಿಂಗ್ ರೇಂಜ್ ನೋಡಿಕೊಳ್ಳುವ ಹಿರಿಯರು ಹಿಂದಿನಿಂದ ಬಂದರು. "ನಿಮ್ಮ ಗುಂಡು ದಿಬ್ಬದ ತುದಿಗೆ ಹೋಗ್ತಿದೆ, ಒಂಚೂರು ನಿಲ್ಲಿಸಿ ನೋಡ್ಕೊಳ್ಳಿ" ಅಂದರು. "ಇನ್ನೊಂದು ಹೊಡೆದ್ರೆ ಸರಿ ಹೋಗುತ್ತೆ ಸರ್" ಅಂದೆ. ಅವರ ಮಾತು ಕೇಳದೆ ಆ ಒಂದು ತೋಟಾ ತುಂಬಿದ್ದು ಇವತ್ತಿಗೂ ನನ್ನನ್ನು ಕೊರೆಯುತ್ತಿದೆ. 28 ಗ್ರಾಂ ತೂಕದ ಗುಂಡು ದಿಬ್ಬ ದಾಟಿದರೆ ನೂರಾರು ಮೀಟರ್ ಹೋಗುತ್ತದೆ. ಆಚೆ ಯಾರಿದ್ದಾರೆ ಅಂತ ನನಗೆ ಕಾಣುತ್ತಿರಲಿಲ್ಲ. ಹುಬ್ಬಿನ ಗಾಯಕ್ಕಿಂತ ಇದು ನನ್ನನ್ನು ಜಾಸ್ತಿ ಹೆದರಿಸುತ್ತದೆ.

ಟ್ರಿಗರ್ ಎಳೆದೆ. ರೈಲ್, ರೈಸರ್, ಸೈಟ್ ಮೂರೂ ಒಟ್ಟಿಗೆ ಕಿತ್ತು ಬಂದು ಮುಖಕ್ಕೆ ಬಡಿದವು. ಕಣ್ಣಿಗೆ ಏನೂ ಕಾಣಲಿಲ್ಲ. ಕೋವಿಯನ್ನು ಗುರಿಯ ಕಡೆಗೇ ಹಿಡಿದುಕೊಂಡು ನಿಂತಿದ್ದೆ, ಆ ಹಿರಿಯರೇ ಬಂದು ಕೈಯಿಂದ ತೆಗೆದುಕೊಂಡು ಖಾಲಿ ಮಾಡಿದರು. ಸೈಟ್ ನೆಲದ ಮೇಲೆ ಬಿದ್ದಿತ್ತು. ಚುಕ್ಕೆ ಇನ್ನೂ ಉರಿಯುತ್ತಿತ್ತು.

ಆಮೇಲೆ ಕೋವಿ ರಿಪೇರಿ ಮಾಡುವವರ ಹತ್ತಿರ ಕೂತು ನೋಡಿದಾಗ ಎಲ್ಲ ಅರ್ಥವಾಯಿತು. ಹಿಂದಿನ ಎರಡು ಸ್ಕ್ರೂಗಳ ಸುತ್ತಿನಲ್ಲಿ ಅಲ್ಯುಮಿನಿಯಂ ತಂತಿಯಂತೆ ಸುತ್ತಿಕೊಂಡಿತ್ತು. ತೂತಿನ ಮರೆಯೇ ಕಿತ್ತು ಬಂದಿತ್ತು. ಇದು 6-48 ಅನ್ನುವ ಅಳತೆಯ ಸ್ಕ್ರೂ. ದಪ್ಪ 3.5 ಮಿ.ಮೀ., ಒಂದು ಇಂಚಿಗೆ 48 ಸುತ್ತು. ಬಾಡಿಯ ಗೋಡೆಯಲ್ಲಿ 3 ಮಿ.ಮೀ. ಹಿಡಿತ ಸಿಕ್ಕರೆ ಆರು ಸುತ್ತು ಕೂಡ ಪೂರ್ತಿ ಆಗುವುದಿಲ್ಲ. ಮೆತ್ತಗಿನ ಲೋಹದಲ್ಲಿ ಅಷ್ಟೇ ಹಿಡಿತ. ನಾನು ಜೋರಾಗಿ ಬಿಗಿ ಮಾಡಿದಾಗಲೇ ಅದು ಅರ್ಧ ಸೋತಿತ್ತು. ಉಳಿದದ್ದನ್ನು ಕಿಕ್ ಮುಗಿಸಿತು.

ಗುಂಡು ಮೇಲಕ್ಕೇ ಯಾಕೆ ಹೋಗುತ್ತಿತ್ತು ಅನ್ನೋದನ್ನೂ ಅವರೇ ಬಿಡಿಸಿ ಹೇಳಿದರು. ಗುಂಡು ಹಾರಿದಾಗ ಕೋವಿ ರಭಸವಾಗಿ ಹಿಂದಕ್ಕೆ ಬರುತ್ತದೆ. ಮೇಲೆ ಎತ್ತರದಲ್ಲಿ ಕೂತ ಸೈಟ್‌ನ ತೂಕ ಇದ್ದಲ್ಲೇ ಉಳಿಯಲು ನೋಡುತ್ತದೆ. ಹಾಗಾಗಿ ಸೈಟ್ ಮುಂದಕ್ಕೆ ಬಾಗುತ್ತದೆ, ರೈಲ್‌ನ ಹಿಂಭಾಗ ಮೇಲಕ್ಕೆ ಏಳುತ್ತದೆ. ಸೈಟ್ ಮುಂದಕ್ಕೆ ಬಾಗಿದ್ದರೆ, ಚುಕ್ಕೆಯನ್ನು ಗುರಿಗೆ ತರಲು ನಾವು ಗೊತ್ತಿಲ್ಲದೆಯೇ ನಳಿಗೆಯನ್ನು ಎತ್ತುತ್ತೇವೆ. ಗುಂಡು ಮೇಲೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ರೈಲ್ 10 ಸೆಂ.ಮೀ. ಉದ್ದ ಇದ್ದು ಹಿಂದಿನ ತುದಿ ಅರ್ಧ ಮಿಲಿಮೀಟರ್ ಎದ್ದರೆ, 50 ಮೀಟರ್‌ನಲ್ಲಿ 25 ಸೆಂ.ಮೀ. ವ್ಯತ್ಯಾಸ. ಅಂದರೆ ನಾನು ಕಂಡ ಆ ಗೇಣು! ಬೆರಳಿಟ್ಟು ಅಲ್ಲಾಡಿಸಿದ್ದರೆ ಅಲ್ಲೇ ಸಿಗುತ್ತಿತ್ತು. ನಾನು ಅಲ್ಲಾಡುವ ಸೈಟ್‌ನ ಹಿಂದೆ ಕ್ಲಿಕ್ ತಿರುಗಿಸುತ್ತಾ ಓಡುತ್ತಿದ್ದೆ.

ಆ ಎತ್ತರದ ರೈಸರ್ ಇನ್ನೊಂದು ಕೆಡುಕು ಮಾಡಿತ್ತು. ಶಾಟ್‌ಗನ್ ಸ್ಟಾಕನ್ನು, ಅಂದರೆ ಹೆಗಲಿಗೆ ಆನಿಸುವ ಹಿಂಭಾಗವನ್ನು, ಮಾಡಿರುವುದೇ ಕೆನ್ನೆ ಒತ್ತಿ, ನಳಿಗೆಯ ಮೇಲಿಂದ ನೋಡುವ ಹಾಗೆ. ಸೈಟ್ ಎತ್ತರಕ್ಕೆ ಹೋದರೆ ತಲೆ ಎತ್ತಲೇಬೇಕು. ಕೆನ್ನೆಯ ಬದಲು ಗದ್ದ ಮಾತ್ರ ತಾಗುತ್ತದೆ. ಮೊದಲ ದಿನದಿಂದಲೂ ನನಗೆ ದವಡೆ ನೋಯುತ್ತಿತ್ತು, ಸ್ಲಗ್ ಅಲ್ವಾ, ಇರುತ್ತೆ ಅಂದುಕೊಂಡೆ. ಹಾರುವ ಕ್ಲೇ (ಗುರಿಯಾಗಿ ಗಾಳಿಗೆ ಎಸೆಯುವ ಸಣ್ಣ ಬಿಲ್ಲೆ) ಹೊಡೆಯಲು ಹೋದಾಗಲಂತೂ ಕೋವಿ ಹೆಗಲಿಗೆ ಬಂದರೂ ಗಾಜಿನಲ್ಲಿ ಚುಕ್ಕೆಯೇ ಇರುತ್ತಿರಲಿಲ್ಲ. ಹುಡುಕುವಷ್ಟರಲ್ಲಿ ಕ್ಲೇ ನೆಲ ಸೇರಿರುತ್ತಿತ್ತು. ಕೋವಿ ನಿಮಗೆ ಹೊಂದುತ್ತಿಲ್ಲ ಅನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ. ಆದಷ್ಟು ತಗ್ಗಾಗಿ ಕೂರುವ ಮೌಂಟ್ ಹುಡುಕಿ. ಅದು ಆಗದಿದ್ದರೆ ಸ್ಟಾಕ್ ಮೇಲೆ ಕೆನ್ನೆಗೆ ಆನಿಕೆ ಕೊಡುವ ಪ್ಯಾಡ್ ಹಾಕಿಸಿ.

ನೀವೇ ಮೌಂಟ್ ಕೂರಿಸುವುದಾದರೆ, ಮೊದಲು ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ತೂತು ಮತ್ತು ಸ್ಕ್ರೂ ಎರಡರಲ್ಲೂ ಎಣ್ಣೆಯ ಪಸೆ ಇರದಂತೆ ಒರೆಸಿ. ನೀಲಿ ಥ್ರೆಡ್‌ಲಾಕರ್ ಒಂದು ಹನಿ ಸಾಕು. ಕೆಂಪು ಬೇಡ, ಅದನ್ನು ಬಿಡಿಸಲು ಕಾಯಿಸಬೇಕಾಗುತ್ತದೆ. ಬಿಗಿ ಎಷ್ಟಿರಬೇಕು ಅಂತ ಮೌಂಟ್‌ನ ಜೊತೆ ಬರುವ ಕಾಗದದಲ್ಲಿ ಬರೆದಿರುತ್ತಾರೆ, ಅದನ್ನು ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲೇ ಹಾಕಿ. ಕೈಯ ಅಂದಾಜು ಈ ಸಣ್ಣ ಸ್ಕ್ರೂಗಳಿಗೆ ನಡೆಯುವುದಿಲ್ಲ. ಸ್ಕ್ರೂ ಉದ್ದ ಜಾಸ್ತಿಯಾಗಿ ಕೋವಿಯೊಳಗೆ ಹಿಂದೆ ಮುಂದೆ ಓಡುವ ಬೋಲ್ಟ್‌ಗೆ ತಾಗುತ್ತಿದೆಯಾ ಅಂತಲೂ ನೋಡಿ. ಕೊನೆಗೆ ಸ್ಕ್ರೂ ತಲೆಯಿಂದ ರೈಲ್ ಮೇಲಕ್ಕೆ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆಯಿರಿ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಆದರೆ ಮರೆಯೇ ಕಿತ್ತಿದ್ದರೆ ಸ್ಕ್ರೂ ತಿರುಗದೆಯೇ ಮೇಲೇಳಬಹುದು, ನನಗಾದದ್ದು ಅದೇ. ಹಾಗಾಗಿ ಗೆರೆ ನೋಡಿದ ಮೇಲೂ ಕೋವಿ ಖಾಲಿ ಮಾಡಿ, ಕೈಯಿಂದ ಅಲ್ಲಾಡಿಸಿ ನೋಡಿ.

ಇನ್ನೊಂದು ಸಣ್ಣ ವಿಷಯ. ಚುಕ್ಕೆ ದುಂಡಗೆ ಕಾಣದೆ ನಕ್ಷತ್ರದ ಹಾಗೋ ಬಾಲ ಇರುವ ಹಾಗೋ ಕಂಡರೆ, ಸೈಟನ್ನು ಕೋವಿಗೆ ಹಾಕುವ ಮೊದಲೇ ಅದರೊಳಗಿನಿಂದ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಫೋಟೋದಲ್ಲಿ ದುಂಡಗಿದ್ದರೆ ಸೈಟ್ ಸರಿ ಇದೆ, ಕಣ್ಣಿನ ಅಸ್ಟಿಗ್ಮಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ) ಇರಬಹುದು. ಕಣ್ಣಿನ ಡಾಕ್ಟರಿಗೆ ತೋರಿಸಿ.

ನನ್ನ ಕೋವಿಯ ಬಾಡಿಗೆ ಈಗ ಉಕ್ಕಿನ ಮರೆ ಕೂರಿಸುತ್ತಿದ್ದಾರೆ. ಮತ್ತೆ ರೆಡ್ ಡಾಟ್ ಹಾಕುತ್ತೇನೆ, ತಗ್ಗಿನ ಮೌಂಟ್ ಜೊತೆ. ಗೀರು ಬಿದ್ದ ಕನ್ನಡಕವನ್ನು ಆ ಹಿರಿಯರು ಕೇಳಿ ತೆಗೆದುಕೊಂಡರು. ರೇಂಜಿನ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ್ದಾರೆ.