ಜೆಲ್ ತಗೊಳ್ಳಿ, ಕ್ರೀಮ್ ಬಿಡಿ: ಅಲೆಗೂದಲಿನ ಸೆಟ್ಟನ್ನು ಕಾಸರಗೋಡಿನ ಮಳೆಯಲ್ಲೂ ಸೆಕೆಯಲ್ಲೂ ಬಳಸಿ ನೋಡಿದ್ದು

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲೆಗೂದಲಿಗೆ ಅಂತ ಮಾರುವ ಸೆಟ್ ಇದು. ಶಾಂಪೂ, ಲೀವ್-ಇನ್ ಕ್ರೀಮ್ (ಹಚ್ಚಿ ತೊಳೆಯದೆ ಬಿಡುವಂಥದ್ದು), ಜೆಲ್, ಮೂರು ಬಾಟಲಿ. ಜೆಲ್ ಬಹಳ ಒಳ್ಳೆಯದು. ಶಾಂಪೂ ಪರವಾಗಿಲ್ಲ, ಆದರೆ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಕ್ರೀಮ್ ನಮ್ಮ ಕರಾವಳಿಗೆ ಹೇಳಿದ ವಸ್ತುವೇ ಅಲ್ಲ. ಕಂಪೆನಿ ಹೆಸರು ಬರೆಯುವುದಿಲ್ಲ. ಈ ತರದ ಸೆಟ್ ಮಾರುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ, ಹಾಗಾಗಿ ಮುಂದಿನ ದೊಡ್ಡ ಹೆಸರಿಗಿಂತ ಹಿಂಬದಿಯ ಸಣ್ಣ ಅಕ್ಷರ ಓದಲು ಕಲಿತರೆ ಹೆಚ್ಚು ಉಪಯೋಗ.

ನನ್ನ ಕೂದಲು ಎಂಥದ್ದು ಅಂತ ಹೇಳದಿದ್ದರೆ ಈ ವಿಮರ್ಶೆಗೆ ಅರ್ಥ ಇಲ್ಲ. ಗುಂಗುರು ಅಲ್ಲ, ನೇರವೂ ಅಲ್ಲ. ಕಿವಿಯವರೆಗೆ ಚಪ್ಪಟೆ, ಅಲ್ಲಿಂದ ಕೆಳಗೆ ಅಲೆ. ಕೂದಲಿನ ನಮೂನೆಗೆ ನಂಬರ್ ಕೊಡುವ ಒಂದು ಲೆಕ್ಕ ಇದೆಯಲ್ಲ, 1 ನೇರ, 2 ಅಲೆ, 3 ಗುಂಗುರು, 4 ಬಿಗಿ ಸುರುಳಿ ಅಂತ, ಅದರಲ್ಲಿ ನನ್ನದು 2ಬಿ, ಅಂದರೆ ಅಲೆಗಳಲ್ಲೇ ನಡುವಿನದ್ದು. ಎಳೆ ತೆಳು, ಆದರೆ ಕೂದಲು ಜಾಸ್ತಿ. ತೊಂದರೆ ಏನಂದ್ರೆ ಮಿಂದು ಒಣಗಿದ ಮೇಲೆ ಅದು ಅಲೆಅಲೆಯಾಗಿ ಹರಡುವುದೇ ಇಲ್ಲ. ತೆಳ್ಳಗೆ ದಾರದ ಹಾಗೆ ಅಂಟಂಟಿಕೊಂಡು ಇಳಿಬೀಳುತ್ತದೆ, ನಡುವೆ ನೆತ್ತಿ ಕಾಣುತ್ತದೆ, ಬೆಳಿಗ್ಗೆಯಷ್ಟೇ ತಲೆಗೆ ಮಿಂದು ಹೋಗಿದ್ದರೂ ಆಫೀಸಿನಲ್ಲಿ "ಎಣ್ಣೆ ಹಾಕಿದ್ದಾ?" ಅಂತ ಒಬ್ಬರು ಕನ್ನಡದಲ್ಲಿ ಕೇಳುತ್ತಾರೆ, ಇನ್ನೊಬ್ಬರು ಮಲಯಾಳದಲ್ಲಿ.

ಮನೆ ಬದಿಯಡ್ಕದ ಹತ್ತಿರ, ಕೆಲಸ ಕಾಸರಗೋಡು ಪೇಟೆಯಲ್ಲಿ. ದಿನಾ ಸ್ಕೂಟರ್, ತಲೆಗೆ ಹೆಲ್ಮೆಟ್. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಜೂನ್, ಜುಲೈಯಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ತಲೆ ಎಲ್ಲಿ ಒಣಗಬೇಕು? ಇದನ್ನು ಯಾಕೆ ಹೇಳುತ್ತೇನೆ ಅಂದ್ರೆ, ವಿಡಿಯೋಗಳಲ್ಲಿ ಇಂಥ ಸೆಟ್ಟುಗಳನ್ನು ಹೊಗಳುವವರು ಹೆಚ್ಚಾಗಿ ಒಣ ಹವೆಯ ಊರಿನವರು. ಅಲ್ಲಿ ನಿಜವಾಗಿಯೂ ಚೆನ್ನಾಗಿ ಕೆಲಸ ಮಾಡುವ ಸಾಮಾನು ಇಲ್ಲಿ ಅಂಟು ಆಗುತ್ತದೆ.

ಕ್ರೀಮಿನಿಂದಲೇ ಶುರು ಮಾಡುತ್ತೇನೆ, ಸಿಟ್ಟು ಇರುವುದು ಅದರ ಮೇಲೆ. ನಾಣ್ಯದಷ್ಟು ತೆಗೆದು ಒದ್ದೆ ಕೂದಲಿಗೆ ಹಚ್ಚಿ ಅಂತ ಬರೆದಿದ್ದಾರೆ. ಹಚ್ಚಿದ ಕೂಡಲೇ ನೋಡಬೇಕು, ಎಷ್ಟು ಚಂದ! ಕೈಯಲ್ಲಿ ಜಾರುತ್ತದೆ, ಅಲೆ ಎದ್ದು ಕಾಣುತ್ತದೆ. ಮೋಸ ಆಗುವುದು ಒಣಗುತ್ತಾ ಬಂದ ಹಾಗೆ. ಮಧ್ಯಾಹ್ನಕ್ಕೆ ಅದೇ ದಾರಗಳು, ಮುಟ್ಟಿದರೆ ಬೆರಳಿಗೆ ಜಿಡ್ಡು. ಕಡಿಮೆ ಹಚ್ಚಿದರೂ ಅಷ್ಟೇ, ತುದಿಗೆ ಮಾತ್ರ ಹಚ್ಚಿದರೂ ಅಷ್ಟೇ.

ಬಾಟಲಿಯ ಹಿಂದಿನ ಪಟ್ಟಿ ನೋಡಿದರೆ ಕಾರಣ ಅಲ್ಲೇ ಇದೆ. ನೀರು, ಗ್ಲಿಸರಿನ್, ಸೀಟೈರಿಲ್ ಆಲ್ಕೋಹಾಲ್, ಶಿಯಾ ಬಟರ್, ತೆಂಗಿನೆಣ್ಣೆ, ಆಮೇಲೆ ಉಳಿದದ್ದು. ಇಂಥ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಅಂದರೆ ನೀರು ಬಿಟ್ಟರೆ ಗ್ಲಿಸರಿನ್ನೇ ಯಜಮಾನ. ಗ್ಲಿಸರಿನ್ನಿನ ಗುಣ ನೀರನ್ನು ಹಿಡಿದುಕೊಳ್ಳುವುದು. ಗಾಳಿಯಲ್ಲಿ ತೇವ ಹದವಾಗಿದ್ದಾಗ ಅದು ಕೂದಲನ್ನು ಮೆದು ಇಡುತ್ತದೆ. ಗಾಳಿಯೇ ಒದ್ದೆ ಬಟ್ಟೆ ಆಗಿರುವ ಆಷಾಢದಲ್ಲಿ ಸುಮ್ನೆ ನೀರು ಎಳೆದುಕೊಂಡು ಕೂರುತ್ತದೆ, ಕೂದಲು ಉಬ್ಬುತ್ತದೆ, ಮೇಲಿಂದ ಅಂಟೂ ಬರುತ್ತದೆ. ಸೀಟೈರಿಲ್ ಆಲ್ಕೋಹಾಲ್ ಹೆಸರು ಕೇಳಿ ಹೆದರುವವರಿದ್ದಾರೆ, ಅದು ಕೂದಲು ಒಣಗಿಸುವ ಆಲ್ಕೋಹಾಲ್ ಅಲ್ಲ, ಮೇಣದ ಜಾತಿ. ಆದರೆ ಮೇಣ ಮೇಣವೇ, ತೆಳು ಎಳೆಗೆ ಅದೂ ಭಾರ. ಅದರ ಮೇಲೆ ಶಿಯಾ ಬಟರ್, ಬೀಜದಿಂದ ತೆಗೆದ ಗಟ್ಟಿ ಕೊಬ್ಬು. ಬಿಗಿ ಸುರುಳಿ ಕೂದಲಿಗೆ ಇದೆಲ್ಲ ಬೇಕಾಗುತ್ತದೆ, ಯಾಕಂದ್ರೆ ನೆತ್ತಿಯ ಜಿಡ್ಡು ಸುರುಳಿ ಹತ್ತಿ ಇಳಿದು ತುದಿ ಮುಟ್ಟುವುದು ಕಷ್ಟ. ಅಲೆಗೂದಲಲ್ಲಿ ಅದು ಸಲೀಸಾಗಿ ಕೆಳಗೆ ಬರುತ್ತದೆ. ಇದ್ದ ಜಿಡ್ಡಿಗೆ ಇನ್ನೊಂದು ಜಿಡ್ಡು ಹಚ್ಚಿದರೆ ಎಳೆಗಳು ಒಂದಕ್ಕೊಂದು ಅಂಟಿ ದಾರ ಆಗದೆ ಇನ್ನೇನಾಗುತ್ತದೆ?

ತೆಂಗಿನೆಣ್ಣೆ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಣ್ಣೆ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ, ಹೇಳಿದರೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದ ಅಧ್ಯಯನ ಒಂದು 2003ರಲ್ಲಿ ಬಂದಿದೆ. ಕೂದಲಿನ ಪ್ರೋಟೀನ್ ನಷ್ಟವನ್ನು ಚೆನ್ನಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲ ಸಣ್ಣದು, ನೇರ ಸರಪಳಿಯದ್ದು, ಎಳೆಯ ಒಳಗೆ ಹೋಗುತ್ತದೆ. ಮೀಯುವ ಮೊದಲು ಹಚ್ಚಿದರೂ, ಮಿಂದ ಮೇಲೆ ಹಚ್ಚಿದರೂ ಗುಣ ಇದೆ ಅಂತ ಅದರಲ್ಲಿ ಕಂಡಿದೆ. ಆದರೆ ನನಗೆ ಒಗ್ಗುವುದು ಮೀಯುವ ಮೊದಲು ಹಚ್ಚುವ ಎಣ್ಣೆ. ಮಿಂದು ಬಂದ ಮೇಲೆ, ತೊಳೆಯದೆ ಬಿಡುವ ಕ್ರೀಮಿನೊಳಗೆ ಅದೇ ಎಣ್ಣೆ ಬೇಕಾ? ನನ್ನ ಮಟ್ಟಿಗೆ ಬೇಡ. ಅರ್ಧ ಬಾಟಲಿ ಕ್ರೀಮ್ ಈಗ ಹಿಮ್ಮಡಿಗೆ ಹೋಗುತ್ತಿದೆ. ಅದಕ್ಕೆ ಒಳ್ಳೆಯದೇ ಇದೆ, ಒಡಕು ಕಡಿಮೆ ಆಗಿದೆ.

ಶಾಂಪೂ. ಸಲ್ಫೇಟ್ (ಜಿಡ್ಡನ್ನು ಜೋರಾಗಿ ತೊಳೆಯುವ ನೊರೆಯ ಸಾಮಾನು) ಇಲ್ಲದ್ದು, ಕೋಕೋ-ಗ್ಲುಕೋಸೈಡ್ ಮತ್ತು ಕೋಕಮಿಡೋಪ್ರೊಪೈಲ್ ಬೀಟೈನ್ ಇರುವ ಮೆದು ಶಾಂಪೂ. ದಿನಬಳಕೆಗೆ ಸಾಕು. ಎಣ್ಣೆ ಹಚ್ಚಿದ ದಿನ ಸಾಲುವುದಿಲ್ಲ, ಎರಡು ಸಲ ಹಾಕಿದರೂ ಕಿವಿ ಹಿಂದೆ ಜಿಡ್ಡು ಉಳಿಯುತ್ತದೆ. ಹಾಗಾಗಿ ಎಣ್ಣೆಯ ದಿನಕ್ಕೆ ನಾನು ಅಂಗಡಿಯ ಮಾಮೂಲಿ ಸಲ್ಫೇಟ್ ಶಾಂಪೂವನ್ನೇ ಇಟ್ಟುಕೊಂಡಿದ್ದೇನೆ. ಸ್ಯಾಶೆಯಲ್ಲಿ ಬರುವಂಥದ್ದು ಸಾಕು. ಡೈಮೆಥಿಕೋನ್ ಅಂತ ಪಟ್ಟಿಯಲ್ಲಿ ಇದ್ದರೆ ಬೇಡ, ಅದು ನೀರಿನಲ್ಲಿ ಕರಗದ ಸಿಲಿಕೋನ್, ತೊಳೆಯಲು ಹೋಗಿ ಇನ್ನೊಂದು ಪದರ ಹಚ್ಚಿದ ಹಾಗೆ ಆಗುತ್ತದೆ. ಸಲ್ಫೇಟ್ ಅಂದ್ರೆ ವಿಷ ಅನ್ನುವ ಹಾಗೆ ಮಾತಾಡುವವರ ಮಾತು ಕೇಳಬೇಡಿ. ಕೂದಲು ದಾರದ ಹಾಗೆ ಆಗುವವರಿಗೆ ಆಗಾಗ ಒಂದು ಗಟ್ಟಿ ತೊಳೆತ ಬೇಕೇ ಬೇಕು. ಆ ದಿನ ಜೆಲ್ ಕೂಡ ಎರಡು ಪಟ್ಟು ಚೆನ್ನಾಗಿ ಕೂರುತ್ತದೆ.

ನೀರಿನ ಮಾತು ಇಲ್ಲಿಯೇ ಆಗಲಿ. ನಮ್ಮಲ್ಲಿ ಮಳೆಗಾಲದಿಂದ ಫೆಬ್ರವರಿ, ಮಾರ್ಚ್‌ವರೆಗೆ ಸುರಂಗದ ನೀರು. ಹೊರಗಿನವರಿಗೆ: ಮುರಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ಕೊರೆದು ಒಸರು ನೀರನ್ನು ಹೊರಗೆ ತರುವ ವ್ಯವಸ್ಥೆ, ಈ ಕಡೆಯ ತೋಟಗಳಲ್ಲಿ ಈಗಲೂ ಇದೆ. ಮೆದು ನೀರು, ಒಂದು ಬೊಟ್ಟು ಶಾಂಪೂವಿಗೆ ರಾಶಿ ನೊರೆ. ಬೇಸಗೆ ಬಲಿತರೆ ಬೋರ್‌ವೆಲ್. ಅದರಲ್ಲಿ ಕಬ್ಬಿಣದ ಅಂಶ, ಬಿಳಿ ಬಕೆಟಿನ ಒಳಗೆ ತುಕ್ಕಿನ ಬಣ್ಣದ ಗೆರೆ ಕೂರುತ್ತದೆ. ಅದೇ ಗೆರೆ ಕೂದಲಿಗೂ ಕೂರುತ್ತದೆ ಅಂತ ಲೆಕ್ಕ. ಏಪ್ರಿಲ್‌ನಲ್ಲಿ ನನ್ನ ಕೂದಲು ಒರಟಾಗಿ, ಜೆಲ್ ಹಚ್ಚಿದರೂ ಹಿಡಿಯದೆ ಇದ್ದದ್ದು ಅದಕ್ಕೇ. ಜೆಲ್ ಕೆಟ್ಟಿತೋ ಅಂತ ಮೂಸಿ ನೋಡಿದ್ದೂ ಆಯ್ತು. ಇಡಿಟಿಎ ಇರುವ ಶಾಂಪೂ ಇಂಥ ಲೋಹದ ಅಂಶವನ್ನು ಹಿಡಿದು ತೊಳೆಯಲು ಸಹಾಯ ಮಾಡುತ್ತದೆ, ಪಟ್ಟಿಯ ಕೊನೆಗೆ ಹುಡುಕಿ. ಈ ಸೆಟ್ಟಿನ ಶಾಂಪೂವಿನಲ್ಲಿ ಅದು ಇಲ್ಲ. ಕೊನೆಯ ಚೊಂಬು ಮಾತ್ರ ಕುಡಿಯುವ ಬಾವಿಯ ನೀರು ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಜೆಲ್. ಇದಕ್ಕಾಗಿಯೇ ಈ ವಿಮರ್ಶೆ ಬರೆಯಲು ಕೂತದ್ದು.

ಕೂದಲು ಒದ್ದೆಯಾದಾಗ ಅದರೊಳಗಿನ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಆ ಹೊತ್ತಿಗೆ ಯಾವ ಆಕಾರದಲ್ಲಿ ಇದೆಯೋ ಅದರಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಜೆಲ್ ಮಾಡುವ ಕೆಲಸ ಇಷ್ಟೇ, ಒಣಗುವವರೆಗೆ ಆಕಾರವನ್ನು ಹಿಡಿದಿಡುವುದು, ಒಣಗಿದ ಮೇಲೆ ಹೊರಗಿನ ತೇವ ಬೇಗ ಒಳಗೆ ಬಾರದ ಹಾಗೆ ನೋಡುವುದು. ಈ ಜೆಲ್ಲಿನ ಪಟ್ಟಿಯಲ್ಲಿ ನೀರಾದ ಮೇಲೆ ವಿಪಿ/ವಿಎ ಕೋಪಾಲಿಮರ್ ಇದೆ, ಒಣಗಿದಾಗ ಕೂದಲ ಮೇಲೆ ತೆಳು ಪದರ ಕಟ್ಟಿ ಹಿಡಿಯುವ ಸಾಮಾನು ಅದು, ಗ್ಲಿಸರಿನ್ ಎಲ್ಲೋ ಕೊನೆಗೆ. ಅದು ಮುಖ್ಯ. ಹಲವು ಅಗ್ಗದ ಜೆಲ್‌ಗಳಲ್ಲಿ ಅದೇ ಕೆಲಸಕ್ಕೆ ಬರೀ ಪಿವಿಪಿ ಅನ್ನುವ ಸಾಮಾನು ಇರುತ್ತದೆ, ಪಿವಿಪಿ ಗಾಳಿಯ ನೀರು ಕುಡಿದು ಅಂಟುತ್ತದೆ. ವಿಪಿ/ವಿಎ ಅದಕ್ಕಿಂತ ತೇವ ತಡೆಯುತ್ತದೆ. ಹಾಗಂತ ಮಳೆಗೆ ನೆನೆದರೂ ಏನೂ ಆಗುವುದಿಲ್ಲ ಅಂತಲ್ಲ.

ಹಚ್ಚುವ ರೀತಿ ಬಾಟಲಿಯಲ್ಲಿ ಬರೆದದ್ದಕ್ಕಿಂತ ಬೇರೆ. ಟವೆಲ್‌ನಲ್ಲಿ ಒರೆಸಿದ ಮೇಲೆ ಹಚ್ಚಿ ಅಂತ ಅವರು ಹೇಳುತ್ತಾರೆ. ಬೇಡ. ಬಚ್ಚಲಲ್ಲೇ, ನೀರು ತೊಟ್ಟಿಕ್ಕುತ್ತಿರುವಾಗಲೇ ಹಚ್ಚಬೇಕು. ನೀರು ಜಾಸ್ತಿ ಇದ್ದಷ್ಟು ಎಳೆಗಳು ದಪ್ಪ ದಪ್ಪ ಗೊಂಚಲಾಗಿ ಕೂಡುತ್ತವೆ, ಕಡಿಮೆ ಆದಷ್ಟು ದಾರ. ತಲೆ ಬಗ್ಗಿಸಿ, ಅಂಗೈಯಲ್ಲಿ ಜೆಲ್ ಸವರಿಕೊಂಡು ಮೇಲಿಂದ ಕೆಳಗೆ ಎರಡು ಕೈಯ ನಡುವೆ ಹಿಡಿದು ಜಾರಿಸಿ, ಆಮೇಲೆ ತುದಿಯಿಂದ ಮೇಲಕ್ಕೆ ಹಿಂಡಿ. ಚುಕ್ ಚುಕ್ ಅಂತ ನೀರಿನ ಸದ್ದು ಬರಬೇಕು. ಬಾಚಣಿಗೆ ಹಾಕುವುದಿದ್ದರೆ ಜೆಲ್ಲಿಗೆ ಮೊದಲೇ, ಅದೂ ಅಗಲ ಹಲ್ಲಿನದ್ದು. ಸಣ್ಣ ಹಲ್ಲಿನ ಬಾಚಣಿಗೆ ಗೊಂಚಲನ್ನೆಲ್ಲ ಸೀಳಿ ಮತ್ತೆ ದಾರ ಮಾಡಿ ಕೊಡುತ್ತದೆ.

ನೀರು ತೆಗೆಯಲು ಮೈಕ್ರೋಫೈಬರ್ ಟವೆಲ್ ಅಂತ ಇದೇ ಕಂಪೆನಿಯವರು ಬೇರೆ ಮಾರುತ್ತಾರೆ. ಏನೂ ಅಗತ್ಯ ಇಲ್ಲ ಮಾರಾಯ್ರೆ. ನಮ್ಮ ಬೈರಾಸು ಇದೆಯಲ್ಲ, ಹತ್ತಿಯ ತೆಳು ನೇಯ್ಗೆ, ಒಗೆದು ಒಗೆದು ಮೆದುವಾದದ್ದು, ಅದಕ್ಕಿಂತ ಒಳ್ಳೆಯದು ಬೇಡ. ಟರ್ಕಿ ಟವೆಲ್‌ನ ಹಾಗೆ ಅದರಲ್ಲಿ ನೂಲಿನ ಕುಣಿಕೆ ಇಲ್ಲ, ಎಳೆ ಸಿಕ್ಕುವುದಿಲ್ಲ, ನೀರು ಮಾತ್ರ ಕುಡಿಯುತ್ತದೆ. ಉಜ್ಜಬಾರದು, ಅದರಲ್ಲಿ ಹಿಡಿದು ಹಿಂಡಬೇಕು ಅಷ್ಟೇ. ಆಮೇಲೆ ಪೂರ್ತಿ ಒಣಗುವವರೆಗೆ ಕೈ ಹಾಕಬಾರದು. ಇದೇ ಎಲ್ಲಕ್ಕಿಂತ ಕಷ್ಟ.

ಒಣಗಿದಾಗ ಕೂದಲು ಗಂಜಿ ಹಾಕಿದ ಪಂಚೆಯ ಹಾಗೆ ಗರಿಗರಿ ನಿಲ್ಲುತ್ತದೆ. ಹೆದರಬೇಡಿ, ಅದು ಆಗಲೇಬೇಕು. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಹಿಸುಕಿದರೆ ಗರಿ ಒಡೆಯುತ್ತದೆ, ಒಳಗಿಂದ ಮೆದು ಅಲೆ ಬರುತ್ತದೆ, ನೆತ್ತಿ ಕಾಣುವುದಿಲ್ಲ. ಅರ್ಧ ಒದ್ದೆ ಇರುವಾಗಲೇ ಹಿಸುಕಿದರೆ ಮಾತ್ರ ಕೆಲಸ ಕೆಟ್ಟಿತು. ಬೇಸಗೆಯಲ್ಲಿ ಜಗಲಿಯಲ್ಲಿ ಕೂತರೆ ತಿಂಡಿ ಆಗುವಷ್ಟರಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಮಿಂದು ಕೆಲಸಕ್ಕೆ ಹೊರಡುವ ಆಸೆ ಬಿಡಿ. ನಾನು ಸಂಜೆ ಬಂದು ಮೀಯುತ್ತೇನೆ, ಕರೆಂಟು ಇದ್ದರೆ ಡಿಫ್ಯೂಸರ್ (ಗಾಳಿಯನ್ನು ಹರಡಿ ಬಿಡುವ ಅಗಲ ಬಾಯಿ) ಹಾಕಿದ ಡ್ರೈಯರ್, ಕರೆಂಟು ಹೋದರೆ ಒಲೆಯ ಹತ್ತಿರ ಕೂರುವುದು. ಮಲಗುವ ಮೊದಲು ಒಣಗಿದ್ದರೆ ಸಾಕು, ಗರಿ ಬೆಳಿಗ್ಗೆ ಒಡೆಯಬಹುದು.

ಹೆಲ್ಮೆಟ್ಟಿನ ಉಪದ್ರಕ್ಕೆ ಜೆಲ್ ಪೂರ್ತಿ ಪರಿಹಾರ ಅಲ್ಲ. ನೆತ್ತಿ ಚಪ್ಪಟೆ ಆಗಿಯೇ ಆಗುತ್ತದೆ. ಗರಿ ಒಡೆಯದೆ ಹೊರಟು, ಆಫೀಸಿಗೆ ಹೋಗಿ ಹೆಲ್ಮೆಟ್ ತೆಗೆದ ಮೇಲೆ ಒಡೆದರೆ ಸ್ವಲ್ಪ ಉಳಿಯುತ್ತದೆ. ಹೈವೇಯ ಧೂಳು ಸೇರಿದರೆ ಅದೂ ಇಲ್ಲ. ಎನ್‌ಎಚ್ 66ರ ಆರು ಪಥದ ಕೆಲಸ ನಡೆಯುವಾಗ ಈ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು.

ಇಷ್ಟೆಲ್ಲ ದುಡ್ಡು ಯಾಕೆ, ಅಗಸೆ ಬೀಜದ ಜೆಲ್ ಮನೆಯಲ್ಲೇ ಮಾಡಬಹುದಲ್ವಾ ಅಂತ ಕೇಳುವವರಿದ್ದಾರೆ. ಮಾಡಿದ್ದೇನೆ. ಕಾಲು ಕಪ್ಪು ಬೀಜ, ಎರಡು ಕಪ್ಪು ನೀರು, ಕುದಿಸಿ ಲೋಳೆ ಬರುವಾಗ ಬಿಸಿ ಇರುವಾಗಲೇ ಸೋಸಬೇಕು, ತಣಿದರೆ ಸೋಸಲು ಬರುವುದಿಲ್ಲ. ಅಲೆ ಚೆನ್ನಾಗಿಯೇ ಬರುತ್ತದೆ, ಬೇಸಗೆಯಲ್ಲಿ ಈ ಬಾಟಲಿ ಜೆಲ್ಲಿಗೆ ಸಮ. ಆದರೆ ಫ್ರಿಜ್ಜಿನಲ್ಲಿಟ್ಟರೂ ವಾರಕ್ಕಿಂತ ಹೆಚ್ಚು ಇಡಬಾರದು, ಮಳೆಗಾಲದಲ್ಲಿ ಹಿಡಿತವೂ ಸಾಲದು. ದಾಸವಾಳ ಸೊಪ್ಪಿನ ಗೊಂಪು ಕೂಡ ಅದೇ ಜಾತಿಯ ಲೋಳೆ. ಎಣ್ಣೆ ಹಚ್ಚಿದ ತಲೆಗೆ ಗೊಂಪು ಹಾಕಿ ಮಿಂದರೆ ಸಿಗುವ ನುಣುಪು ಈ ಸೆಟ್ಟಿನ ಶಾಂಪೂವಿಗೆ ಇಲ್ಲ, ಅದನ್ನು ಒಪ್ಪಲೇಬೇಕು. ಚರಟ ಸರಿಯಾಗಿ ಸೋಸದಿದ್ದರೆ ಮಾತ್ರ ದಿನವಿಡೀ ತಲೆಯಿಂದ ಹಸಿರು ಚೂರು ಉದುರುತ್ತಿರುತ್ತದೆ.

ಬಾಟಲಿಯ ಪಂಪು ಕೆಲವೇ ತಿಂಗಳಲ್ಲಿ ಕೈಕೊಟ್ಟಿತು, ಈಗ ಮುಚ್ಚಳ ತಿರುಗಿಸಿ ಸುರಿದುಕೊಳ್ಳುತ್ತೇನೆ. ದೂರು ಕೊಟ್ಟದ್ದಕ್ಕೆ ಮುಂದಿನ ಆರ್ಡರಿಗೆ ರಿಯಾಯಿತಿ ಕೂಪನ್ ಕಳಿಸಿದರು, ಅದೂ ಪೂರ್ತಿ ಸೆಟ್ ಕೊಂಡರೆ ಮಾತ್ರ. ಪರಿಮಳ ಜೋರು, ತಲೆನೋವು ಇರುವವರಿಗೆ ಆಗಲಿಕ್ಕಿಲ್ಲ.

ಜೆಲ್ ಬಿಡಿಯಾಗಿಯೂ ಸಿಗುತ್ತದೆ, ಸೆಟ್ಟಿನ ಪುಟದಿಂದ ಕೆಳಗೆ ಹೋಗಿ ಹುಡುಕಬೇಕು. ಹೆಗಲವರೆಗಿನ ಕೂದಲಿಗೆ ದೊಡ್ಡ ಬಾಟಲಿ ಬೇಡ. ಬಾಟಲಿ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಅಂತ ಇರುತ್ತದೆ, ತೆರೆದ ಮೇಲೆ 12 ತಿಂಗಳೊಳಗೆ ಮುಗಿಸಬೇಕು ಅಂತ ಅದರ ಅರ್ಥ, ನನ್ನ ಬಾಟಲಿಯಲ್ಲಿ ಇನ್ನೂ ಕಾಲು ಭಾಗ ಇದೆ. ತರಿಸುವುದಿದ್ದರೆ ಮೇ ತಿಂಗಳಲ್ಲೇ ತರಿಸಿ ಕೈ ಕೂರಿಸಿಕೊಳ್ಳಿ, ಮಳೆ ಶುರುವಾದ ಮೇಲೆ ಕಲಿಯಲು ಹೊರಟರೆ ರಗಳೆ.