ಅಡುಗೆಮನೆ ಬೀರುವಿನ ಮೇಲೆ 1,189 ಚೌಕಗಳು

30 ರೂಪಾಯಿಯ ಒಂದು ಹಾಳೆ. ಅದರ ಬಗ್ಗೆ ಬರೆಯೋದೇನಿದೆ ಅಂತ ನಮ್ಮೆಜಮಾನ್ರು ನಕ್ಕರು. ಇದೆ. ನಮ್ಮ ಮನೆಯಲ್ಲಿ ಮಾರ್ಚ್ ದಾಟಿದ ಮೊದಲ ಸತ್ಯವೇದ (ಬೈಬಲ್) ಓದುವ ಪಟ್ಟಿ ಇದು. ಈಗ ಸೆಪ್ಟೆಂಬರ್. ಇನ್ನೂ ಬೀರುವಿನ ಮೇಲೇ ಇದೆ.

ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಚರ್ಚಿನ ಹೊರಗೆ ಮೇಜು ಹಾಕಿಕೊಂಡು ಪುಸ್ತಕ ಮಾರುತ್ತಿದ್ದವರ ಹತ್ತಿರ ತಗೊಂಡೆ. ಗೋಡೆ ಕ್ಯಾಲೆಂಡರಿನಷ್ಟು ದೊಡ್ಡದು. ಸತ್ಯವೇದದ 66 ಪುಸ್ತಕಗಳ ಹೆಸರು, ಪ್ರತಿ ಹೆಸರಿನ ಮುಂದೆ ಅಧ್ಯಾಯಕ್ಕೊಂದು ಚೌಕ. ಮೊದಲ ಭಾಗವಾದ ಹಳೆ ಒಡಂಬಡಿಕೆಗೆ 929, ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ 260. ಓದಿದರೆ ಚೌಕ ತುಂಬಬೇಕು, ಅಷ್ಟೇ. ತಾರೀಖು ಎಲ್ಲೂ ಇಲ್ಲ. ನನಗೆ ಹಿಡಿಸಿದ್ದೇ ಅದು.

ನಮ್ಮ ಸ್ತ್ರೀಯರ ಕೂಟದಲ್ಲಿ ಪ್ರತಿ ಜನವರಿಗೂ ಒಂದು ಸವಾಲು ಇರುತ್ತದೆ. ವರ್ಷದೊಳಗೆ ಇಡೀ ಸತ್ಯವೇದ ಮುಗಿಸಬೇಕು. ಲೆಕ್ಕ ಹಾಕಿದರೆ ದಿನಕ್ಕೆ ಮೂರೂಕಾಲು ಅಧ್ಯಾಯ. ಕೇಳೋಕೆ ಸುಲಭ, ಅಲ್ವಾ? ಮೂರು ವರ್ಷದ ಹಿಂದೆ ನಾನು ಮೆಕ್‌ಚೇನ್ ಪಟ್ಟಿ ಹಿಡಿದೆ. ರಾಬರ್ಟ್ ಮರ್ರೆ ಮೆಕ್‌ಚೇನ್ ಅನ್ನುವ ಪಾಸ್ಟರ್ 1842ರಲ್ಲಿ ಸ್ಕಾಟ್ಲೆಂಡಿನ ಡಂಡೀ ಊರಿನ ತಮ್ಮ ಸಭೆಯವರಿಗೆ ಮಾಡಿಕೊಟ್ಟದ್ದು. ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ, ಎರಡು ಮನೆಮಂದಿ ಕೂತು, ಎರಡು ಒಬ್ಬೊಬ್ಬರೇ. ಜನವರಿ 1ಕ್ಕೆ ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು, ನಾಲ್ಕರದ್ದೂ ಮೊದಲ ಅಧ್ಯಾಯ. ವರ್ಷದಲ್ಲಿ ಹೊಸ ಒಡಂಬಡಿಕೆ, ಕೀರ್ತನೆಗಳು ಎರಡೆರಡು ಸಲ ಆಗುತ್ತವೆ. ಒಳ್ಳೆ ಪಟ್ಟಿ. ಆದರೆ ಫೆಬ್ರವರಿಯಲ್ಲಿ ಮಕ್ಕಳಿಬ್ಬರಿಗೂ ಒಬ್ಬರಾದ ಮೇಲೆ ಒಬ್ಬರಿಗೆ ಜ್ವರ ಬಂತು. ಒಂಬತ್ತು ದಿನ ಪುಸ್ತಕ ತೆಗೆಯಲಿಲ್ಲ. 36 ಅಧ್ಯಾಯ ಬಾಕಿ. ಅಲ್ಲಿಂದ ಮುಂದೆ ಓದಿದ್ದೆಲ್ಲ ಸಾಲದ ಕಂತು ಕಟ್ಟಿದ ಹಾಗೆ. ಮಾರ್ಚ್‌ನಲ್ಲಿ ಬಿಟ್ಟೆ. ತಮಾಷೆ ಏನಂದರೆ, ಇಂಥ ಪಟ್ಟಿ ಹೊರಲಾರದ ನೊಗ ಆದೀತು ಅಂತ ಅದನ್ನು ಮಾಡಿದವರೇ ಆಗಲೇ ಎಚ್ಚರಿಸಿದ್ದರು. ನನಗೆ ಗೊತ್ತಾದದ್ದು ಬಿಟ್ಟ ಮೇಲೆ.

ಆಮೇಲಿನ ವರ್ಷ ಒಂದು ಫೋನ್ ಆ್ಯಪ್. ಎಷ್ಟು ದಿನ ತಪ್ಪದೆ ಓದಿದೆ ಅಂತ ಅದು ಎಣಿಸುತ್ತಿತ್ತು. 41ಕ್ಕೆ ಬಂದಿತ್ತು. ಒಂದು ರಾತ್ರಿ ನಿದ್ದೆ ಬಂತು, ಬೆಳಿಗ್ಗೆ ನೋಡಿದರೆ ಸೊನ್ನೆ. ಆ ಸೊನ್ನೆಯನ್ನು ನೋಡಿ ನನಗೆ ಬಂದ ಸಿಟ್ಟು ದೇವರ ವಾಕ್ಯ ಓದುವವಳಿಗೆ ಬರಬಾರದಂಥದ್ದು.

ನಮ್ಮ ದಿನ ಹೇಗಿರುತ್ತದೆ ಅಂದರೆ, ಇವರಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಡ್ಯೂಟಿ. ಫಸ್ಟ್ ಶಿಫ್ಟ್ ವಾರದಲ್ಲಿ ಬಳ್ಳಾರಿ ಇನ್ನೂ ಕತ್ತಲಲ್ಲಿರುವಾಗಲೇ ಬಸ್ಸು ಬರುತ್ತದೆ, ಅಷ್ಟರಲ್ಲಿ ಡಬ್ಬಿ ಕಟ್ಟಿರಬೇಕು. ನೈಟ್ ಶಿಫ್ಟ್ ವಾರದಲ್ಲಿ ಹಗಲೆಲ್ಲ ಮನೆಯಲ್ಲಿ ಪಿಸುಮಾತು. ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ನಲ್ಲಿ ನೀರು ಬರುವ ದಿನವಂತೂ ಯಾವ ಯೋಜನೆಯೂ ಇಲ್ಲ, ಬರೀ ಕೊಡ, ಬಕೆಟ್, ಡ್ರಮ್. ‘ಬೆಳಗಿನ ಶಾಂತ ಸಮಯದಲ್ಲಿ ಕೂತು ಓದಿ’ ಅಂತ ಹೇಳುವವರನ್ನು ಒಂದು ದಿನ ನಮ್ಮನೆಗೆ ಕರೆಯಬೇಕು.

ಅದಕ್ಕೇ ಹಾಳೆಯನ್ನು ಅಡುಗೆಮನೆ ಬೀರುವಿಗೆ ಅಂಟಿಸಿದೆ. ರೊಟ್ಟಿ ಬಡಿಯುವಾಗ ಫೋನಿನಲ್ಲಿ ಕನ್ನಡ ಆಡಿಯೋ ಹಾಕುತ್ತೇನೆ. ಹತ್ತು ರೊಟ್ಟಿ ಆಗುವಷ್ಟರಲ್ಲಿ ನಾಲ್ಕು ಅಧ್ಯಾಯ ಆಗುತ್ತದೆ, ಸಣ್ಣವಾದರೆ ಐದು. ಬಡಿಯುವ ಸದ್ದಿಗೆ ಕೆಲವು ಹೆಸರು ತಪ್ಪಿಹೋಗುತ್ತವೆ. ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯಗಳ ವಂಶಾವಳಿಯಲ್ಲಿ ನಾಲ್ಕು ಹೆಸರು ತಪ್ಪಿದರೆ ಏನೂ ಆಗಲ್ಲ ಅಂತ ನನ್ನ ಅಭಿಪ್ರಾಯ. ಕೇಳಿದ್ದನ್ನು ಓದಿದ ಲೆಕ್ಕಕ್ಕೆ ಹಿಡಿಯಬಹುದಾ ಅಂತ ಕೂಟದಲ್ಲಿ ಒಬ್ಬ ಅಕ್ಕ ತಕರಾರು ತೆಗೆದರು. ಕೊಲೊಸ್ಸೆಯವರಿಗೆ ಬರೆದ ಪತ್ರದ 4:16 ತೆಗೆದು ತೋರಿಸಿದೆ. ಈ ಪತ್ರವನ್ನು ನಿಮ್ಮಲ್ಲಿ ಓದಿಸಿದ ಮೇಲೆ ಲವೊದಿಕೀಯದ ಸಭೆಯಲ್ಲೂ ಓದಿಸಿ ಅಂತ ಪತ್ರ ಬರೆದ ಪೌಲನೇ ಹೇಳಿದ್ದಾನೆ. ಅಂದರೆ ಆಗಿನವರಲ್ಲೂ ಜಾಸ್ತಿ ಜನ ಕೇಳಿದವರೇ. ಅಕ್ಕ ಸುಮ್ಮನಾದರು. ಪೂರ್ತಿ ಒಪ್ಪಲಿಲ್ಲ, ಬಿಡಿ.

ಎಲ್ಲಿಂದ ಬೇಕಾದರೂ ಓದಬಹುದು ಅನ್ನೋದು ಈ ಹಾಳೆಯ ದೊಡ್ಡ ಗುಣ. ಯಾಜಕಕಾಂಡದಲ್ಲಿ ಕುಷ್ಠದ ನಿಯಮಗಳ ಹತ್ತಿರ ಸಿಕ್ಕಿಹಾಕಿಕೊಂಡಾಗ ರೂತಳ ಕಥೆಗೆ ಹಾರಿದೆ. ನಾಲ್ಕೇ ಚೌಕ, ಎರಡು ದಿನದಲ್ಲಿ ಮುಗೀತು. ಒಂದು ರಾತ್ರಿ ಕರೆಂಟ್ ಹೋದಾಗ ಟಾರ್ಚ್ ಹಿಡಿದು ಒಂದೇ ಅಧ್ಯಾಯದ ಪುಸ್ತಕಗಳನ್ನೆಲ್ಲ ಓದಿದೆವು. ಓಬದ್ಯ, ಫಿಲೆಮೋನ, 2 ಯೋಹಾನ, 3 ಯೋಹಾನ, ಯೂದ. ಅರ್ಧ ಗಂಟೆಗೆ ಐದು ಪುಸ್ತಕ! ಮಗನಿಗೆ ಅವತ್ತಿನಿಂದ ಹುಚ್ಚು ಹಿಡಿಯಿತು. 117ನೇ ಕೀರ್ತನೆಗೆ ಎರಡೇ ವಚನ ಅಂತ ಹುಡುಕಿ ಟಕ್ಕನೆ ಟಿಕ್ ಹಾಕಿದ. ಅವನ ಅಕ್ಕನ ಪಾಲಿಗೆ ಬಂದದ್ದು 119, ಅದಕ್ಕೆ 176 ವಚನ. “ಇದಕ್ಕೂ ಒಂದೇ ಚೌಕನಾ ಅಮ್ಮಾ?” ಅಂತ ಅವಳು ಮೂರು ದಿನ ಜಗಳ ಮಾಡಿದಳು. ನ್ಯಾಯ ಅವಳ ಕಡೆಗೇ ಇತ್ತು. ಪಾಪ, ಓದಿದಳು.

ಈಗ ದೋಷಗಳು. ಚೌಕಗಳು ತೀರಾ ಸಣ್ಣವು, ಕೀರ್ತನೆಗಳ ಸಾಲಿನಲ್ಲಿ ನನ್ನ ಕನ್ನಡಕ ಇದ್ದರೂ ಅಂಕಿ ಕಾಣಲ್ಲ. ಕಾಗದ ತೆಳು, ಒಗ್ಗರಣೆ ಸಿಡಿದು ಮೊದಲ ವಾರವೇ ಎಣ್ಣೆ ಕಲೆ ಬಿತ್ತು. 40 ರೂಪಾಯಿ ಕೊಟ್ಟು ಲ್ಯಾಮಿನೇಷನ್ ಮಾಡಿಸಿದೆ. ಹಾಳೆಗಿಂತ ಅದೇ ದುಬಾರಿ. ಲ್ಯಾಮಿನೇಷನ್ ಮೇಲೆ ಪೆನ್ ಹಿಡಿಯಲಿಲ್ಲ, ಮಗನ ಸ್ಕೆಚ್ ಪೆನ್ ಹಿಡಿಯಿತು. ಒಂದು ಶನಿವಾರ ಅತ್ತೆ ಒದ್ದೆ ಬಟ್ಟೆಯಲ್ಲಿ ಬೀರು ಒರೆಸಿದರು. ಅರಣ್ಯಕಾಂಡ ಪೂರ್ತಿ ಹೋಯಿತು, ಧರ್ಮೋಪದೇಶಕಾಂಡ ಅರ್ಧ. “ಓದಿದ್ದು ತಲೆಯಲ್ಲಿ ಇದೆ ತಾನೇ?” ಅಂದರು ಅತ್ತೆ. ಉತ್ತರ ಹೇಳೋಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಈಗ ಪರ್ಮನೆಂಟ್ ಮಾರ್ಕರ್.

ಇನ್ನೊಂದು ತಪ್ಪು ಮಗ ಕಂಡುಹಿಡಿದ. ಕೀರ್ತನೆಗಳಿಗೆ 149 ಚೌಕವೇ ಇವೆ. ಮೇಲೆ ದೊಡ್ಡದಾಗಿ 1,189 ಅಂತ ಅಚ್ಚು ಹಾಕಿದವರು ಒಂದನ್ನು ನುಂಗಿದ್ದಾರೆ. ಮುಂದಿನ ಸಲ ಅಚ್ಚು ಹಾಕುವ ಮೊದಲು ಯಾರಾದರೂ ಕೂತು ಎಣಿಸಲಿ.

ಇಷ್ಟಾಗಿ ಇವತ್ತಿಗೆ ನಾವು ತುಂಬಿದ ಚೌಕ 512. ಡಿಸೆಂಬರ್‌ಗೆ ಮುಗಿಯಲ್ಲ, ಗೊತ್ತು. ನನಗೆ ಬೇಜಾರಿಲ್ಲ. ನಮ್ಮೂರಿನದ್ದೇ ಲೆಕ್ಕ ತಗೊಳ್ಳಿ. ಲಂಡನ್ ಮಿಷನ್ ಅನ್ನುವ ಕ್ರೈಸ್ತ ಸಂಘದ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಲ್ಲಿದ್ದುಕೊಂಡೇ ಅವರು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈ ಹಾಕಿದರು. ಇಡೀ ಸತ್ಯವೇದ ಕನ್ನಡದಲ್ಲಿ ಬಂದದ್ದು 1831ಕ್ಕೆ. ಅಷ್ಟು ವರ್ಷ ಹಿಡಿದದ್ದನ್ನು ನಾನು ರೊಟ್ಟಿ ಬಡಿಯುತ್ತಾ ಎರಡು ವರ್ಷದಲ್ಲಿ ಮುಗಿಸಿದರೆ ಸಾಕಲ್ವಾ?

ಯಾರು ತಗೋಬಹುದು? ಶಿಫ್ಟ್ ಡ್ಯೂಟಿಯ ಮನೆಯವರು, ಸಣ್ಣ ಮಕ್ಕಳ ತಾಯಂದಿರು, ನನ್ನ ಹಾಗೆ ಹಲವು ಸಲ ಬಿಟ್ಟವರು. ತಾರೀಖಿನ ಬಿಗಿ ಇಲ್ಲದಿದ್ದರೆ ಪುಸ್ತಕ ಮುಟ್ಟದವರಿಗೆ ಇದು ಬೇಡ, ಅವರು ಹಾಳೆಯನ್ನು ನೋಡುತ್ತಾ ಕೂರುತ್ತಾರೆ ಅಷ್ಟೆ. ಇಡೀ ಹಾಳೆ ನೋಡಿ ಎದೆ ಝಲ್ಲೆಂದರೆ ಹೊಸ ಒಡಂಬಡಿಕೆಯ ಭಾಗ ಮಾತ್ರ ಹಿಡಿಯಿರಿ. ವಾರಕ್ಕೆ ಐದು ಅಧ್ಯಾಯದಂತೆ 52 ವಾರಕ್ಕೆ ಸರಿಯಾಗಿ 260. ಶನಿವಾರ ಭಾನುವಾರ ರಜಾ.

ಅತ್ತೆಯ ತವರು ಆದೋನಿ ಕಡೆ. ಅವರು ಓದೋದು ತೆಲುಗು ಸತ್ಯವೇದ. ನಮಗಿಂತ ಬೇಗ ಓದುತ್ತಾರೆ, ಕನ್ನಡ ಹಾಳೆಯಲ್ಲೇ ನನ್ನನ್ನು ಕರೆದು ಟಿಕ್ ಹಾಕಿಸುತ್ತಾರೆ. ತೆಲುಗಿನದ್ದು ಇದೆಯಾ ಅಂತ ಆ ಮೇಜಿನವರನ್ನು ಕೇಳಿದೆ. ಇಲ್ಲವಂತೆ. ಮಗಳು ಡ್ರಾಯಿಂಗ್ ಶೀಟಿನ ಮೇಲೆ ಸ್ಕೇಲ್ ಹಿಡಿದು ಅಜ್ಜಿಗೊಂದು ತೆಲುಗು ಪಟ್ಟಿ ಮಾಡುತ್ತಿದ್ದಾಳೆ. ಚೌಕ ದೊಡ್ಡದಾಗಿವೆ. ಕೀರ್ತನೆಗಳಿಗೆ 150 ಬಂದಿವೆ, ನಾನೇ ಎಣಿಸಿದೆ.