ಫಾಗ್ ಲೈಟ್ ವೈರಿಂಗ್: ಕ್ಲಿಪ್ ಕನೆಕ್ಟರ್, ರಿಲೇ ಕಿಟ್, ಫ್ಯೂಸ್ ಬಾಕ್ಸ್ ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಬೈಕಿನ ಫಾಗ್ ಲೈಟಿಗೆ ಕರೆಂಟ್ ಕೊಡುವ ಈ ಮೂರು ದಾರಿಗಳಲ್ಲಿ ನನ್ನ ಓಟು ರಿಲೇ ಕಿಟ್‌ಗೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು. ಕೊಡಗಿನ ಮಳೆಯಲ್ಲಿ ಬೈಕ್ ಓಡಿಸುವವರಿಗೆ ಬೇರೆ ಯಾವುದನ್ನೂ ಹೇಳಲು ನನಗೆ ಮನಸ್ಸಿಲ್ಲ.

ಮೊದಲ ಸಲ ಲೈಟು ಕೊಂಡ ಅಂಗಡಿಯಲ್ಲೇ ಹಾಕಿಸಿದ್ದೆ. 20 ವಾಟಿನ ಎರಡು ಲೈಟು. ಹೆಡ್‌ಲೈಟ್ ವೈರಿಗೆ ಕ್ಲಿಪ್ ಕನೆಕ್ಟರ್ ಒತ್ತಿ ಅಲ್ಲಿಂದಲೇ ಕರೆಂಟ್ ಎಳೆದರು. ಹತ್ತು ನಿಮಿಷದ ಕೆಲಸ. ಬೇಸಿಗೆ ಪೂರ್ತಿ ಚೆನ್ನಾಗಿಯೇ ಇತ್ತು.

ಜುಲೈನ ಒಂದು ಸಂಜೆ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುತ್ತಿದ್ದೆ. ಮದೆನಾಡು ದಾಟಿದ ಮೇಲೆ ಫಾಗ್ ಲೈಟ್ ಮಿಣುಕತೊಡಗಿತು. ಎರಡು ತಿರುವು ಕಳೆಯುವಷ್ಟರಲ್ಲಿ ಹೆಡ್‌ಲೈಟೂ ಹೋಯಿತು. ಮಂಜು, ಜಡಿಮಳೆ, ಎದುರಿಗೆ ಲಾರಿ. ಇಂಡಿಕೇಟರ್ ಹಾಕಿಕೊಂಡು ಬದಿಗೆ ನಿಲ್ಲಿಸಿದಾಗ ಕೈ ನಡುಗುತ್ತಿತ್ತು. ಮೊಬೈಲ್ ಬೆಳಕಲ್ಲಿ ಫ್ಯೂಸ್ ತೆಗೆದು ನೋಡಿದರೆ ಅದು ಸುಟ್ಟಿರಲಿಲ್ಲ! ಬೈಕನ್ನು ಪಿಕಪ್‌ನಲ್ಲಿ ಮನೆಗೆ ತರಬೇಕಾಯಿತು.

ಬಿಚ್ಚಿದಾಗ ವಿಷಯ ಗೊತ್ತಾಯಿತು. ಕ್ಲಿಪ್ಪಿನ ಒಳಗಿನ ಬ್ಲೇಡು ವೈರಿನ ಸಿಪ್ಪೆಯ ಜೊತೆ ಕೆಲವು ತಾಮ್ರದ ಎಳೆಗಳನ್ನೂ ಕತ್ತರಿಸಿತ್ತು. ಅಲ್ಲಿಂದ ನೀರು ಇಳಿದು ಉಳಿದ ಎಳೆಗಳಿಗೆ ಹಸಿರು ಕಿಲುಬು ಹಿಡಿದಿತ್ತು. ನನ್ನ ಹೆಡ್‌ಲೈಟ್ 55 ವಾಟ್, ಅಂದರೆ ಸುಮಾರು 4.5 ಆಂಪ್. ಫಾಗ್ ಲೈಟಿನದು 3.3. ಹತ್ತಿರ ಹತ್ತಿರ 8 ಆಂಪ್ ಆ ನಾಲ್ಕೈದು ಎಳೆಗಳಲ್ಲೇ ಹರಿಯಬೇಕಿತ್ತು. ಕ್ಲಿಪ್ಪಿನ ಪ್ಲಾಸ್ಟಿಕ್ ಕರಗಿ ವೈರಿಗೆ ಅಂಟಿಕೊಂಡಿತ್ತು. ಫ್ಯೂಸ್ ಯಾಕೆ ಹೋಗಲಿಲ್ಲ ಅಂದರೆ, ಜಾಯಿಂಟ್ ಕೆಟ್ಟಾಗ ಕರೆಂಟ್ ಜಾಸ್ತಿ ಆಗುವುದಿಲ್ಲ, ಆ ಜಾಗ ಮಾತ್ರ ಬಿಸಿಯಾಗುತ್ತದೆ. ಫ್ಯೂಸಿಗೆ ಅದು ಗೊತ್ತಾಗುವುದೇ ಇಲ್ಲ.

ರಿಲೇ ಕಿಟ್‌ಗೆ ನಾನು ಕೊಟ್ಟಿದ್ದು 650 ರೂಪಾಯಿ. ಲೈಟಿಗೆ ಕರೆಂಟ್ ನೇರ ಬ್ಯಾಟರಿಯಿಂದ ಬರುತ್ತದೆ. ಪಾರ್ಕಿಂಗ್ ಲೈಟಿನ ವೈರಿನಿಂದ ರಿಲೇ ಆನ್ ಆಗಲು ಬೇಕಾದಷ್ಟೇ ಕರೆಂಟ್ ತೆಗೆದುಕೊಂಡೆ, ಅದು ಕಾಲು ಆಂಪ್ ಕೂಡ ಇಲ್ಲ. ಫಾಗ್ ಲೈಟಿನ ವೈರು ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಅದರದೇ 5 ಆಂಪ್ ಫ್ಯೂಸ್ ಹೋಗುತ್ತದೆ, ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. ಘಾಟಿಯಲ್ಲಿ ನನಗೆ ಬೇಕಿದ್ದದ್ದು ಅದೇ ಅಲ್ವಾ? ಒಂದೇ ತಿದ್ದುಪಡಿ ಮಾಡಿದೆ. ಕಿಟ್‌ನಲ್ಲಿ ಫ್ಯೂಸ್ ರಿಲೇ ಪಕ್ಕ ದೂರದಲ್ಲಿತ್ತು. ಅದನ್ನು ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ತಂದೆ. ಬ್ಯಾಟರಿಯಿಂದ ಫ್ಯೂಸಿನ ತನಕದ ವೈರಿಗೆ ಯಾವ ಕಾವಲೂ ಇರುವುದಿಲ್ಲ.

ಫ್ಯೂಸ್ ಬಾಕ್ಸನ್ನು ಅಣ್ಣನ ಬೈಕಿಗೆ ನಾನೇ ಕೂತು ಹಾಕಿದ್ದು. ಅದೇ ಬೈಕಲ್ಲಿ ವಿರಾಜಪೇಟೆಯಿಂದ ಮಾಕುಟ್ಟದ ತನಕ ಹೋಗಿಬಂದೆ. ಕೆಲಸ ಬಹಳ ಅಚ್ಚುಕಟ್ಟು, ಲೈಟು, ಹಾರ್ನ್ ಹೀಗೆ ಒಂದೊಂದಕ್ಕೂ ಬೇರೆ ಫ್ಯೂಸ್. ಆದರೆ ಆಗ 3000 ರೂಪಾಯಿ ಆಯಿತು, ಸೀಟಿನ ಕೆಳಗೆ ಜಾಗವೂ ಬೇಕು. ಅಣ್ಣನಿಗೆ ಚಾರ್ಜರ್, ಎರಡು ಹಾರ್ನ್, ಜಿಪಿಎಸ್ ಎಲ್ಲ ಇದೆ, ಸರಿ. ನನಗಿರುವುದು ಎರಡು ಲೈಟು.

ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ವೈರು ಬಿಗಿಯುತ್ತದಾ ನೋಡಿಯೇ ಟೈ ಹಾಕಿ. ಈ ವರ್ಷ ಮಳೆ ಹಿಡಿಯುವ ಮುಂಚೆ ಸೀಟು ಎತ್ತಿ ರಿಲೇ ಕಿತ್ತು ನೋಡಿದೆ. ನಾಲ್ಕು ಪಿನ್ನೂ ಕಿಲುಬಿಲ್ಲದೆ ಹೊಳೆಯುತ್ತಿದ್ದವು.